ಬಂದ್ ಮಾಡಲು ಬರುವ ಮಾಮಾ

ದೇವರು ಸೂರ್ಯನಿಗೊಂದು ಸ್ವಿಚ್ಚು ಇಟ್ಟಿದ್ದರೆ ನಮ್ಮ ಮಾಮಾ ಅದನ್ನು ಮಧ್ಯಾಹ್ನ ಹನ್ನೆರಡಕ್ಕೇ ಬಂದ್ ಮಾಡಿ, "ಇಷ್ಟೊತ್ತು ಉರದದ್ದು ಸಾಕು, ಉಳದದ್ದು ನಾಳಿಗಿ ಬರ್ತದ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಿದ್ದರು. ಉತ್ಪ್ರೇಕ್ಷೆ ಅಂದುಕೊಂಡಿರಾ? ಹಾಗಾದರೆ ನೀವು ನಮ್ಮ ಮಾಮಾನನ್ನು ನೋಡಿಲ್ಲ. ನೋಡಿದ್ದರೆ ನಿಮ್ಮ ಮನೆಯಲ್ಲಿ ಈಗ ತಿರುಗುತ್ತಿರುವ ಫ್ಯಾನುಗಳಲ್ಲಿ ಒಂದಾದರೂ ನಿಂತಿರುತ್ತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಶಹಾಬಾದಿನಲ್ಲಿ ಯಾರಾದರೂ ಸೂರ್ಯನನ್ನು ಹನ್ನೆರಡಕ್ಕೆ ಬಂದ್ ಮಾಡಿದರೆ ಊರಿನವರು ಹಾರ ಹಾಕಿ ಮೆರವಣಿಗೆ ತೆಗೆದಾರು, ಅದು ಬೇರೆ ಮಾತು!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಇಡೀ ನೌಕರಿಯನ್ನು ಒಂದು ಕಾರ್ಖಾನೆಯ ಮೋಟಾರುಗಳ ನಡುವೆ ಕಳೆದು, ನಿವೃತ್ತರಾಗಿ ಬಂದವರು. ಮಕ್ಕಳಿಲ್ಲ. ಅವರ ಹೆಂಡತಿ, ನಮ್ಮ ಅತ್ತಿ, ತೀರಿಕೊಂಡ ಮೇಲೆ ಮನೆಯಲ್ಲಿ ಅವರೊಬ್ಬರೇ. ಆ ಮನೆ ಇರುವುದು ನಮ್ಮ ಯಾರ್ಡಿನಿಂದ ಎರಡು ಗಲ್ಲಿ ಆಚೆ. ಯಾರ್ಡು ಎಂದರೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಯಾರ್ಡು. ಗಣಿಯಿಂದ ಬಂದ ಒರಟು ಕಲ್ಲನ್ನು ಕೊಯ್ದು, ತಿಕ್ಕಿ, ಹೊಳಪು ತಂದು ಮಾರುವುದು ನಮ್ಮ ಕೆಲಸ. ಕೊಯ್ಯುವ ಮಷೀನು ಒಂದು, ಪಾಲಿಶ್ ಮಷೀನು ಎರಡು, ಅವಕ್ಕೆಲ್ಲ ನೀರುಣಿಸುವ ಬೋರ್ ಪಂಪು ಒಂದು. ಅಪ್ಪ ಹೋದ ಮೇಲೆ ಇದಿಷ್ಟೂ ಮಗಳಾದ ನನ್ನ ಕೊರಳಿಗೆ ಬಿತ್ತು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ನನಗೆ ಮದುವೆ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಸರಿ, ಕಲ್ಲುಗಳನ್ನೇ ಕಟ್ಟಿಕೊಂಡೆ.

ಮಾಮಾನ ಕೀರ್ತಿ ಸೇಡಂ ತನಕ ಹಬ್ಬಿದ್ದು ಒಂದು ಮದುವೆಯಿಂದ. ಹಗಲು ಹನ್ನೊಂದೂವರೆಯ ಮುಹೂರ್ತ. ಹೊರಗೆ ಬಿಸಿಲು ಕಣ್ಣು ಬಿಡಗೊಡುತ್ತಿಲ್ಲ, ಒಳಗೆ ಕಂಬಕಂಬಕ್ಕೂ ಲೈಟಿನ ಸರ ಸುತ್ತಿ ಎಲ್ಲವನ್ನೂ ಹಚ್ಚಿಟ್ಟಿದ್ದಾರೆ! ಮಾಮಾ ಕುರ್ಚಿಯಲ್ಲಿ ಕುಳಿತು ಬಲ್ಬುಗಳನ್ನು ಎಣಿಸತೊಡಗಿದರು. ನಾನು ಮುನ್ನೆಚ್ಚರಿಕೆಯಾಗಿ ಅವರ ಮೊಣಕೈ ಹಿಡಿದುಕೊಂಡೇ ಕುಳಿತಿದ್ದೆ. ಆದರೆ ಅಕ್ಷತೆಯ ತಟ್ಟೆ ಬಂದಾಗ ಕೈ ಬಿಡಬೇಕಾಯಿತಲ್ಲ! ಅಷ್ಟು ಸಾಕಾಯಿತು. ಗಟ್ಟಿಮೇಳದ ಹೊತ್ತಿಗೆ ಸರಿಯಾಗಿ ಲೈಟು, ಫ್ಯಾನು, ಮೈಕು, ಬ್ಯಾಂಡಿನವರ ಪೆಟ್ಟಿಗೆ ಎಲ್ಲವೂ ಒಮ್ಮೆಲೇ ಗಪ್ಪಾದವು. ಮಾಮಾ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದಿದ್ದರು.

"ಲೈಟಿನ ಸ್ವಿಚ್ ಅಷ್ಟ ಬಂದ್ ಮಾಡಬೇಕಾಗಿತ್ತಲ್ರಿ ಮಾಮಾ!" ಎಂದು ಬರುವಾಗ ಹಲ್ಲು ಕಡಿದೆ.

"ಒಂದೊಂದ ಹುಡುಕ್ಕೋತ ಕುಂತ್ರ ಮುಹೂರ್ತ ಮೀರ್ತಿತ್ತು," ಎಂದರು.

ಕರೆಂಟು ಹೋದದ್ದಕ್ಕೆ ಯಾರೂ ಅಷ್ಟೊಂದು ಸಿಟ್ಟಾಗಿರಲಿಲ್ಲ. ಆದರೆ ಆ ಗದ್ದಲವೆಲ್ಲ ನಿಂತದ್ದರಿಂದ, ಬೆಳಗಿನಿಂದ ಮೊದಲ ಸಲ, ಗಂಡಿನ ಕಡೆಯವರು ಆಡುತ್ತಿದ್ದ ಮಾತು ಹೆಣ್ಣಿನ ಕಡೆಯವರಿಗೆ ಕೇಳಿಸಿತು. ಜಗಳ ಶುರುವಾದದ್ದೇ ಅದರಿಂದ!

ಇಂಥ ಮಾಮಾನಿಗೆ ವಾರಕ್ಕೊಂದು ಸುತ್ತು ಇರುತ್ತಿತ್ತು. ಒಂದು ವಾರ ಚಿತ್ತಾಪುರದ ದೊಡ್ಡಮ್ಮನ ಮನೆ, ಒಂದು ವಾರ ವಾಡಿಯ ಚಿಕ್ಕಮ್ಮನ ಮನೆ, ಇನ್ನೊಂದು ವಾರ ತೆಂಗಳಿಯಲ್ಲಿರುವ ದೊಡ್ಡಮ್ಮನ ಬೀಗರ ಮನೆ. ಹೋದವರು ಮೊದಲು ಹೊರಗೋಡೆಯ ಮೀಟರ್ ನೋಡುವುದು, ಆಮೇಲೆ ಚಪ್ಪಲಿ ಬಿಡುವುದು, ಅದಾದ ಮೇಲೆ "ಎಲ್ಲಾರೂ ಆರಾಮ ಇದ್ದೀರಿ?" ಎಂದು ಕೇಳುವುದು. ಮನೆಯವರ ಆರೋಗ್ಯಕ್ಕಿಂತ ಮೀಟರಿನ ಆರೋಗ್ಯ ಮುಖ್ಯ! ಮನೆಯನ್ನೆಲ್ಲ ಒಮ್ಮೆ ಸುತ್ತಿ, ಸುಮ್ಮನೆ ಉರಿಯುವ ಲೈಟನ್ನೋ ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನನ್ನೋ ಬಂದ್ ಮಾಡಿದ ಮೇಲೆಯೇ ಚಹಾದ ಕಪ್ಪಿಗೆ ಕೈ ಹಾಕುವುದು. ಅದು ಅವರ ನೇಮ. ಏನನ್ನೂ ಉಳಿಸಿಕೊಡದೆ ಯಾರ ಮನೆಯ ಚಹಾವನ್ನೂ ಕುಡಿಯುತ್ತಿರಲಿಲ್ಲ. ಚಿಕ್ಕಮ್ಮನಂತೂ ಮಾಮಾ ಬರುವ ಸುದ್ದಿ ಬಂದರೆ ಬಚ್ಚಲಮನೆಯ ಲೈಟನ್ನು ಬೇಕೆಂದೇ ಹಚ್ಚಿಡುತ್ತಿದ್ದಳು. "ಇಲ್ಲಂದ್ರ ಮುಂಜಾನಿಂದ ಸಂಜೀ ತನಕ ಹುಡುಕ್ಕೋತ ತಿರಗ್ತಾನವ್ವ, ಚಹಾ ಆರಿ ಹೋಗ್ತದ" ಎನ್ನುತ್ತಿದ್ದಳು.

ಹೀಗಿರುವಾಗ ಸರ್ಕಾರ ಮನೆಗಳಿಗೆ ಕರೆಂಟು ಫುಕಟ್ ಮಾಡಿತು. ನಾಡಿನ ಜನರೆಲ್ಲ ಹಿಗ್ಗಿದರು, ನಮ್ಮ ಮಾಮಾ ಒಬ್ಬರನ್ನು ಬಿಟ್ಟು! ಆ ವಾರ ಅವರು ಚಿತ್ತಾಪುರಕ್ಕೆ ಹೋಗಿ ಪಡಸಾಲೆಯ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದ್ದಾರೆ. ದೊಡ್ಡಮ್ಮ ಒಳಗಿನಿಂದಲೇ, "ಬಿಡೋ ತಮ್ಮಾ, ತಿರಗ್ಲಿ. ಈಗ ನಮಗೇನ ರೊಕ್ಕಾ ಬೀಳಲಿಕತ್ತದ?" ಎಂದಿದ್ದಾಳೆ. ಮಾಮಾ ಸ್ವಿಚ್ಚಿನ ಮೇಲಿನ ಕೈ ತೆಗೆದು, ಸ್ವಲ್ಪ ಹೊತ್ತು ಕುಳಿತು, ಚಹಾ ಕುಡಿಯದೆ ಎದ್ದು ಬಂದರಂತೆ. ದೊಡ್ಡಮ್ಮ ಅದನ್ನು ಫೋನಿನಲ್ಲಿ ಹೇಳಿದಾಗ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಈಗ ನೆನೆದರೆ ಆ ನಗುವಿಗೆ ನನಗೇ ನಾಚಿಕೆಯಾಗುತ್ತದೆ.

ಹಾಗೆ ಒಂದೊಂದೇ ಮನೆಯ ಬಾಗಿಲು ಅವರ ಪಾಲಿಗೆ ಮುಚ್ಚಿತು. ಯಾರೂ ಬರಬೇಡ ಅನ್ನಲಿಲ್ಲ. ಬಂದು ಮಾಡುವ ಕೆಲಸ ಇಲ್ಲವಾಯಿತು, ಅಷ್ಟೇ. ಉಳಿದದ್ದು ನಮ್ಮ ಯಾರ್ಡು ಒಂದೇ. ದಂಧೆಯ ಕರೆಂಟಿಗೆ ಯಾವ ರಿಯಾಯಿತಿಯೂ ಇರಲಿಲ್ಲ. ತಿಂಗಳು ತಿಂಗಳು ಬಿಲ್ಲು ಬಂದಾಗ ನಾನು ಅದನ್ನು ಹಿಡಿದು ಮೂರು ನಿಮಿಷ ಮಾತಿಲ್ಲದೆ ಕೂರುತ್ತಿದ್ದೆ. ಒಂದು ದಿನ ಹಾಗೆ ಕುಳಿತಾಗ ಮಾಮಾ ಬಂದರು. ಬಿಲ್ಲು ಇಸಿದುಕೊಂಡು ಎರಡೂ ಬದಿ ಓದಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ!

"ಏನ್ ಲೂಟಿ ನಡಸೀ ಅವ್ವಾ ಇಲ್ಲಿ!" ಎಂದರು. "ನಾಳಿಂದ ನಾ ದಿನಾ ಬರ್ತೀನಿ."

ಬಂದರು. ಬರುವಾಗ ಒಂದು ಉದ್ದನೆಯ ಸ್ಕ್ರೂಡ್ರೈವರ್ ತಂದರು. ಅದರ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಡಾಕ್ಟರರು ಎದೆ ನೋಡುವ ಹಾಗೆ ನೋಡಿದರು. ಕೊಯ್ಯುವ ಮಷೀನು ನಡೆಸುವವನು ಖಾಸಿಂ ಅಣ್ಣ, ಅಪ್ಪನ ಕಾಲದಿಂದಲೂ ಇದ್ದವನು. "ಏನ್ ಅಂತದ್ರಿ ಮಾಮಾ?" ಎಂದು ಕೇಳಿದ.

"ಗ್ರೀಸ್ ಹಾಕಿ ಎಷ್ಟ ದಿನ ಆತು ಅಂತ ನಿನಗ ಬೈಲಿಕತ್ತದ!"

ಖಾಸಿಂ ಅಣ್ಣ ಆ ಹೊತ್ತೇ ಗ್ರೀಸಿನ ಡಬ್ಬಿ ಹುಡುಕಲು ಓಡಿದ. ಅಷ್ಟು ವರ್ಷ ತನ್ನ ಮೋಟಾರಿಗೆ ಬಾಯಿ ಇರುವುದೇ ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ಗರಗಸದ ಸರದಿ. ನಮ್ಮಲ್ಲಿ ಮೊದಲು ಮಷೀನು ಹಚ್ಚಿ, ಅದು ಗರಗರ ತಿರುಗುತ್ತಿರುವಾಗ ಕಲ್ಲು ಹುಡುಕಿ ತಂದು, ಗೆರೆ ಎಳೆದು, ಬೀಡಿ ಸೇದಿ, ಆಮೇಲೆ ಕೊಯ್ಯುವ ಪದ್ಧತಿ ಇತ್ತು. ಮಾಮಾ ಎದೆ ಬಡಿದುಕೊಂಡರು. "ಅಲ್ಲವ್ವಾ, ಕಲ್ಲ ಕೊಯ್ಯಲಿಕ್ಕ ಕೂಲಿ ಕೊಡ್ತಾರ, ನೀ ಗಾಳಿ ಕೊಯ್ಯಲಿಕ್ಕ ಕೊಡಲಿಕತ್ತೀ?" ಅಂದಿನಿಂದ ಅರ್ಧ ದಿನದ ಕಲ್ಲಿಗೆಲ್ಲ ಮೊದಲೇ ಗೆರೆ ಎಳೆದು, ಸಾಲಾಗಿ ನಿಲ್ಲಿಸಿ, ಆಮೇಲೆ ಮಷೀನು ಹಚ್ಚುವುದು ರೂಢಿಯಾಯಿತು. ಛಾವಣಿಯ ನಾಲ್ಕು ತಗಡು ಕಿತ್ತು ಬೆಳಕು ಬೀಳುವ ಪ್ಲಾಸ್ಟಿಕ್ ತಗಡು ಹಾಕಿಸಿದರು. ಅಪ್ಪನ ಕಾಲದ ದೊಡ್ಡ ಹಳದಿ ಬಲ್ಬುಗಳನ್ನು ಒಂದೊಂದಾಗಿ ಬಿಚ್ಚಿ, ರದ್ದಿ ಕಾಗದದಲ್ಲಿ ಸುತ್ತಿ, ಗೋದಾಮಿಗೆ ಸೇರಿಸಿದರು. ಬೋರ್ ಪಂಪು ದಿನಪೂರ್ತಿ ನೆಲದೊಳಗಿನ ನೀರು ಎಳೆಯುವ ಬದಲು, ಮಷೀನಿನಿಂದ ಹರಿದ ರಾಡಿ ನೀರು ಮೂರು ಹೊಂಡಗಳಲ್ಲಿ ತಿಳಿಯಾಗಿ ಮತ್ತೆ ಮಷೀನಿಗೇ ಬರುವಂತೆ ಮಾಡಿಸಿದರು. ಮಾತು ಒಪ್ಪಬೇಕು, ಬಿಲ್ಲು ಇಳಿಯಿತು. ನಾನು ಬಿಲ್ಲು ಹಿಡಿದು ಕೂರುವ ಹೊತ್ತು ಮೂರು ನಿಮಿಷದಿಂದ ಒಂದು ನಿಮಿಷಕ್ಕೆ ಇಳಿಯಿತು!

ಆದರೆ ಎಲ್ಲಕ್ಕಿಂತ ವಿಚಿತ್ರವಾದದ್ದು ಕೂಗುವ ಕಾಯಿದೆ. ಎರಡು ಮೋಟಾರು ಒಟ್ಟಿಗೆ ಶುರುವಾದರೆ ಕರೆಂಟು ಒಮ್ಮೆಲೇ ಜಿಗಿಯುತ್ತದೆ, ಆ ಜಿಗಿತಕ್ಕೂ ದಂಡ ಬೀಳುತ್ತದೆ ಎನ್ನುವುದು ಮಾಮಾನ ಲೆಕ್ಕ. ಅವರ ಭಾಷೆಯಲ್ಲಿ ಮೋಟಾರನ್ನು ಯಾರೂ ಚಾಲೂ ಮಾಡುವುದಿಲ್ಲ, ಎಬ್ಬಿಸುತ್ತಾರೆ. "ಕೂಸ ಇದ್ದಂಗ ಅದು. ಎರಡೂ ಕೂಡೇ ಎದ್ದು ಅತ್ವಂದ್ರ ಯಾರಿಗಂತ ಎತ್ಕೋತಿ?" ಎಂದರು. ಆದ್ದರಿಂದ ಯಾರೇ ಮೋಟಾರು ಎಬ್ಬಿಸುವ ಮುನ್ನ "ಎಬ್ಬಸ್ಲೀ?" ಎಂದು ಗಟ್ಟಿಯಾಗಿ ಕೂಗಬೇಕು. ಉಳಿದವರೆಲ್ಲ ತಮ್ಮ ಕೈ ಸ್ವಿಚ್ಚಿನ ಮೇಲಿಲ್ಲ ಎಂದು ನೋಡಿಕೊಂಡು "ಎಬ್ಬಸು!" ಎಂದು ಕೂಗಬೇಕು. ಆಮೇಲೆಯೇ ಗುಂಡಿ ಒತ್ತುವುದು. ಮೊದಲ ವಾರ ಎಲ್ಲರೂ ನಾಚಿದರು. ಎರಡನೆಯ ವಾರ ಖಾಸಿಂ ಅಣ್ಣ ರಾಗ ಎಳೆದು ಕೂಗತೊಡಗಿದ. ಮೂರನೆಯ ವಾರಕ್ಕೆ ರಸ್ತೆಯಾಚೆಯ ಚಹಾದಂಗಡಿಯವನೂ ಅಲ್ಲಿಂದಲೇ "ಎಬ್ಬಸು!" ಎನ್ನುತ್ತಿದ್ದ!

ಆಫೀಸಿನಲ್ಲಿ ಕೂರುವ ನನ್ನ ಹತ್ತಿರ ಮೋಟಾರು ಎಲ್ಲಿದೆ? ಇದ್ದದ್ದು ಒಂದು ಟೇಬಲ್ ಫ್ಯಾನು.

"ಅದರಾಗ ತಿರಗೂದೇನು, ಬುಗುರಿ ಏನು? ಮೋಟಾರೇ ಹೌದಿಲ್ಲೋ? ಕೂಗು," ಎಂದರು ಮಾಮಾ.

ಒಂದು ಟೇಬಲ್ ಫ್ಯಾನಿಗೆ! ಯಾರ್ಡಿನ ಮಾಲಕಿ ನಾನು! ಸಿಟ್ಟು ನೆತ್ತಿಗೇರಿತು. ಆದರೂ ಕಿಟಕಿಯಿಂದ ತಲೆ ಹೊರಗೆ ಹಾಕಿ "ಎಬ್ಬಸ್ಲೀ?" ಎಂದು ಕೂಗಿದೆ. ಇಡೀ ಯಾರ್ಡು ಕೆಲಸ ನಿಲ್ಲಿಸಿ, ಒಂದೇ ದನಿಯಲ್ಲಿ "ಎಬ್ಬಸ್ರಿ ಅಕ್ಕಾರ!" ಎಂದಿತು. ಆ ಫ್ಯಾನಿನ ಗಾಳಿ ಅಂದು ಯಾಕೋ ಬಹಳ ತಂಪಾಗಿತ್ತು.

ಕನ್ನಡಿಯ ಕಥೆಯನ್ನು ಹೇಳದಿದ್ದರೆ ತಪ್ಪಾದೀತು. ಆಫೀಸಿನ ಕೋಣೆ ಸ್ವಲ್ಪ ಕತ್ತಲು. ಹಗಲೂ ಲೈಟು ಬೇಕು. ಮಾಮಾ ಒಂದು ಬೆಳಿಗ್ಗೆ ಆಳೆತ್ತರದ ಕನ್ನಡಿಯೊಂದನ್ನು ತಲೆಯ ಮೇಲೆ ಹೊತ್ತು ತಂದರು. ಅದನ್ನು ಅಂಗಳದಲ್ಲಿ ಓರೆಯಾಗಿ ನಿಲ್ಲಿಸಿ, ಬಿಸಿಲನ್ನು ಕಿಟಕಿಯಿಂದ ನನ್ನ ಟೇಬಲ್ಲಿಗೆ ಬೀಳಿಸಿದರು. ಬೆಳಕು ಧಾರಾಳ! ಆದರೆ ಸೂರ್ಯ ಒಂದೇ ಕಡೆ ನಿಲ್ಲುತ್ತಾನೆಯೇ? ಬೆಳಕು ಸರಿದಂತೆ ನಾನೂ ಕುರ್ಚಿ ಟೇಬಲ್ಲು ಸರಿಸಬೇಕು. ಹತ್ತು ಗಂಟೆಗೆ ಬಾಗಿಲ ಹತ್ತಿರ ಕುಳಿತವಳು ಮೂರು ಗಂಟೆಗೆ ನೀರಿನ ಕೊಡದ ಪಕ್ಕ ಇರುತ್ತಿದ್ದೆ. ಬಂದ ಗಿರಾಕಿಗಳು ಮೊದಲು ನಾನು ಎಲ್ಲಿದ್ದೇನೆ ಎಂದು ಹುಡುಕುತ್ತಿದ್ದರು.

ಒಂದು ದಿನ ಚಿಂಚೋಳಿಯ ಕಡೆಯಿಂದ ಒಬ್ಬ ಗಿರಾಕಿ ಬಂದ. ಆ ಹೊತ್ತಿಗೆ ಕನ್ನಡಿಯ ಬೆಳಕು ಜಾರಿ, ಹೊರಗೆ ನಿಲ್ಲಿಸಿದ್ದ ಫರ್ಸಿಯ ಮೇಲೆ ಬಿದ್ದಿತ್ತು. ಕಲ್ಲು ಬೆಳ್ಳಿಯ ತಟ್ಟೆಯಂತೆ ಥಳಥಳ! ಅವನು ಮರುಮಾತಾಡದೆ ಇದ್ದಷ್ಟನ್ನೂ ಕೊಂಡ. ಹದಿನೈದು ದಿನದ ಮೇಲೆ ಫೋನು ಬಂತು. "ಅಕ್ಕಾರ, ಏನ್ ಮಾಡಿದ್ರೂ ಅಲ್ಲಿ ಹೊಳದಂಗ ಇಲ್ಲಿ ಹೊಳೀವಲ್ದು ನೋಡ್ರಿ." ನಾನು ತೊದಲುತ್ತಿರುವಾಗ ಮಾಮಾ ಫೋನು ಕಸಿದುಕೊಂಡರು. "ಮನ್ಯಾಗ ಕಿಟಕಿ ಬಾಗಲಾ ಹಾಕ್ಕೊಂಡು ಕುಂತೀ ಏನಪಾ? ಎಲ್ಲಾ ತಗದಿಡು. ಕಲ್ಲೂ ಹೊಳೀತಾವ, ಲೈಟಿಂದೂ ಉಳೀತದ!" ಆ ಮನುಷ್ಯ ಕಿಟಕಿ ತೆರೆದಿಟ್ಟನೋ ಏನೋ, ಮರುವರ್ಷ ತನ್ನ ಅಣ್ಣನ ಮನೆಗೂ ನಮ್ಮಲ್ಲಿಂದಲೇ ಕಲ್ಲು ಒಯ್ದ.

ಆ ಕನ್ನಡಿ ಎಲ್ಲಿಂದ ತಂದಿರಿ ಎಂದು ಮಾತ್ರ ನಾನು ಕೇಳಲೇ ಇಲ್ಲ.

ದಿನಾ ಹತ್ತಕ್ಕೆ ಬರುವುದು, ಒಂದು ಸುತ್ತು ಹಾಕುವುದು, ಏನಾದರೊಂದನ್ನು ಬಂದ್ ಮಾಡುವುದು, ಚಹಾ ಕುಡಿಯುವುದು, ಸಂಜೆಯ ತನಕ ಎಲ್ಲರನ್ನೂ ಬೈಯುವುದು. ಹೀಗೆ ಚೆನ್ನಾಗಿ ನಡೆದಿತ್ತು. ಕೆಡಿಸಿದವಳು ನಾನೇ! ಅಕ್ಕಪಕ್ಕದ ಯಾರ್ಡಿನವರು ಸೋಲಾರ್ ಹಾಕಿಸತೊಡಗಿದರು. ನಾನೂ ಧೈರ್ಯ ಮಾಡಿದೆ. ದಂಧೆ ನಡೆಯಬೇಕು, ಬಿಲ್ಲು ಇನ್ನೂ ಇಳಿಯಬೇಕು. ಮೇಲಾಗಿ ಮಾಮಾನ ಮೊಣಕಾಲು ಸೋತಿವೆ, ಅವರಿಗೂ ಸ್ವಲ್ಪ ಆರಾಮ ಸಿಗಲಿ ಎಂದು ಖರೇ ಮನಸ್ಸಿನಿಂದ ಅಂದುಕೊಂಡೆ. ಕಲಬುರಗಿಯಿಂದ ಸೋಲಾರಿನವನು ಬಂದು ಛಾವಣಿಯ ತುಂಬ ನೀಲಿ ಪ್ಲೇಟು ಹೊದಿಸಿದ. ಜೊತೆಗೆ ಒಂದು ಹೊಸ ಪೆಟ್ಟಿಗೆಯನ್ನೂ ಕೂಡಿಸಿದ. ಬೆಳಿಗ್ಗೆ ಒಂದು ಹಸಿರು ಗುಂಡಿ ಒತ್ತಿದರೆ ಆಯಿತು; ಅದು ತಾನೇ ಒಂದಾದ ಮೇಲೆ ಒಂದು ಮೋಟಾರನ್ನು ಮೆಲ್ಲಗೆ ಎಬ್ಬಿಸುತ್ತದೆ, ಕಲ್ಲಿಲ್ಲದೆ ತಿರುಗುತ್ತಿದ್ದರೆ ತಾನೇ ಮಲಗಿಸುತ್ತದೆ.

ಮಾಮಾ ಕೈ ಹಿಂದೆ ಕಟ್ಟಿಕೊಂಡು ಎಲ್ಲವನ್ನೂ ನೋಡಿದರು.

"ಇದಕ್ಕ ಬಂದ್ ಮಾಡೂ ಸ್ವಿಚ್ ಎಲ್ಲದ?" ಎಂದು ಛಾವಣಿಯ ಕಡೆ ಕೈ ತೋರಿಸಿ ಕೇಳಿದರು.

"ನೀವೇನ ಬಂದ್ ಮಾಡೂದ ಬ್ಯಾಡ್ರಿ ಅಜ್ಜಾ," ಎಂದ ಸೋಲಾರಿನವನು. "ಹೊತ್ತ ಮುಳುಗ್ತಂದ್ರ ತಾನೇ ಬಂದ್ ಆಗ್ತದ."

"ತಾನೇ?"

"ತಾನೇ ರೀ."

ಮಾಮಾ ಕಣ್ಣಿಗೆ ಕೈ ಅಡ್ಡ ಹಿಡಿದು, ತಲೆ ಮೇಲೆತ್ತಿ ಸೂರ್ಯನನ್ನು ನೋಡಿದರು. ಬಂದ್ ಮಾಡುವುದರಲ್ಲಿ ಮೊದಲ ಸಲ ಸೂರ್ಯ ಅವರಿಗಿಂತ ಮುಂದೆ ಹೋಗಿದ್ದ.

ಮುಂದಿನ ಬಿಲ್ಲು ಬಂದ ದಿನ ನಾನು ಕುಣಿಯುವುದೊಂದು ಬಾಕಿ. ಇಷ್ಟು ವರ್ಷದಲ್ಲಿ ಅಂಥ ಸಣ್ಣ ಬಿಲ್ಲನ್ನು ಕಂಡವಳೇ ಅಲ್ಲ. ಓಡಿ ಹೋಗಿ ಮಾಮಾನ ಕೈಗೆ ಕೊಟ್ಟೆ. ಅವರು ಎರಡೂ ಬದಿ ಓದಿ, ನೀಟಾಗಿ ಮಡಚಿ, ವಾಪಸು ಕೊಟ್ಟರು. "ಭಾಳ ಚಲೋ ಆತವ್ವ" ಎಂದರು. ಅಷ್ಟೊತ್ತಿಗೆ ಚಹಾ ಬಂತು. ಮಾಮಾ ಕಪ್ಪು ಮುಟ್ಟದೆ ಕೋಣೆಯ ಸುತ್ತ ನೋಡಿದರು. ಲೈಟು ಉರಿಯುತ್ತಿಲ್ಲ. ಫ್ಯಾನು ನಿಂತಿದೆ. ಮೊಬೈಲಿನ ಚಾರ್ಜರ್ ಕೂಡ ಕಿತ್ತಿಟ್ಟಿದ್ದೆ. ಅಷ್ಟು ಚೆನ್ನಾಗಿ ಅವರೇ ನನ್ನನ್ನು ತಿದ್ದಿದ್ದರು! ಬಂದ್ ಮಾಡಲು ಏನೂ ಉಳಿದಿರಲಿಲ್ಲ.

"ಇವತ್ತ ಚಹಾ ಬ್ಯಾಡವ್ವ. ಹೊಟ್ಟಿ ಜರಾ ಸರಿ ಇಲ್ಲ," ಎಂದು ಎದ್ದರು.

ಮರುದಿನ ಬರಲಿಲ್ಲ. ಹೊಟ್ಟೆ ಇನ್ನೂ ಸರಿಯಾಗಿಲ್ಲ ಅಂದುಕೊಂಡೆ. ಅದರ ಮರುದಿನವೂ ಬರಲಿಲ್ಲ. ವಾರವಾಯಿತು. ಖಾಸಿಂ ಅಣ್ಣ ಬೆಳಿಗ್ಗೆ ಬಂದು ಹಸಿರು ಗುಂಡಿ ಒತ್ತುತ್ತಿದ್ದ. ಮೋಟಾರುಗಳು ಯಾರ ಅಪ್ಪಣೆಯನ್ನೂ ಕೇಳದೆ ಏಳುತ್ತಿದ್ದವು. ಎಲ್ಲವೂ ಸರಿಯಾಗಿತ್ತು. ನನಗೊಬ್ಬಳಿಗೇ ಏನೋ ಸರಿಯಿರಲಿಲ್ಲ. ಒಂದು ಮಧ್ಯಾಹ್ನ ಸೆಕೆಯಾಗಿ ಫ್ಯಾನಿನ ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಕಿಟಕಿಯ ಕಡೆ ತಿರುಗಿ ಬಾಯಿ ತೆರೆದೆ. ಹೊರಗೆ ಯಾರೂ ನನ್ನ ಕೂಗಿಗೆ ಕಾಯುತ್ತಿರಲಿಲ್ಲ. ಬಾಯಿ ಮುಚ್ಚಿ ಸ್ವಿಚ್ಚು ಒತ್ತಿದೆ. ಫ್ಯಾನು ತಿರುಗಿತು. ಬೆಳಗಿನಿಂದ ಆ ಹೊತ್ತಿನ ತನಕ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ, ನಾನೂ ಯಾರನ್ನೂ ಏನೂ ಕೇಳಿರಲಿಲ್ಲ ಎಂದು ಆಗ ಹೊಳೆಯಿತು. ಮನೆಗೆ ಹೋದರೂ ಅದೇ. ಅಪ್ಪ ಹೋದಾಗಲೂ ಅಷ್ಟೊಂದು ಒಬ್ಬಂಟಿ ಅನ್ನಿಸಿರಲಿಲ್ಲ. ಯಾಕೆಂದರೆ ಅಪ್ಪ ಹೋದ ಸ್ವಲ್ಪ ದಿನಕ್ಕೇ ಮಾಮಾ ಬೈಯಲು ಬಂದಿದ್ದರು.

ಮರುದಿನ ಊಟದ ಹೊತ್ತಿಗೆ ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಮಾಮಾ ಹೊಸ್ತಿಲ ಒಳಗೆ, ಗೋಡೆಯ ನೆರಳಿನಲ್ಲಿ, ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತಿದ್ದರು. ಮೇನ್ ಸ್ವಿಚ್ಚೇ ಕೆಳಗಿತ್ತು.

"ಫುಕಟ್ ಕರೆಂಟ್ ಅದಲ್ರಿ ಮಾಮಾ, ಫ್ಯಾನರ ಹಚ್ಕೋಬಾರ್ದೇನ್ರಿ?"

"ಯಾರಿಗಿ ಹಚ್ಚಲಿ?" ಎಂದರು. ಆಮೇಲೆ ನಗುತ್ತ, "ಮೊನ್ನಿ ಏನಾತು ಗೊತ್ತೇನು? ಮೀಟರ್ ನೋಡಾವ ಬಂದಿದ್ದ. ಮೀಟರ್ ಸರದೇ ಇಲ್ಲ ನೋಡು. ಬಾಜೂ ಮನಿಯವರಿಗಿ ಕೇಳ್ಲಿಕತ್ತಾನ, 'ಈ ಮನಿ ಖಾಲಿ ಅದ ಏನ್ರಿ?' ಅಂತ. ನಾ ಇಲ್ಲೇ ಒಳಗ ಕುಂತು ಕೇಳ್ಲಿಕತ್ತೀನಿ!" ಎಂದರು.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ. ಒಳಕೋಣೆಯಲ್ಲಿ ಅತ್ತಿಯ ಕಪಾಟು ಇತ್ತು. ಅದರ ಬಾಗಿಲಲ್ಲಿ ಕನ್ನಡಿ ಇದ್ದ ಜಾಗ ಖಾಲಿ. ಆಳೆತ್ತರದ ಆ ಚೌಕದಲ್ಲಿ ಕಟ್ಟಿಗೆಯ ಬಣ್ಣ ಇನ್ನೂ ಹೊಸದಿತ್ತು. ಪ್ರತಿ ಬೆಳಿಗ್ಗೆ ಅತ್ತಿ ಅದರ ಮುಂದೆ ನಿಂತು ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಅದನ್ನು ಬಿಚ್ಚಿ, ತಲೆಯ ಮೇಲೆ ಹೊತ್ತು, ನನ್ನ ಟೇಬಲ್ಲಿಗೆ ಬೆಳಕು ಬೀಳಲಿ ಎಂದು ತಂದಿದ್ದರು. ನಾನು ಅದಕ್ಕೆ ಕುರ್ಚಿ ಸರಿಸಬೇಕಲ್ಲ ಎಂದು ಗೊಣಗಿದ್ದೆ! ಮುಖ ಒರೆಸಿಕೊಂಡು ಹೊರಗೆ ಬಂದೆ.

"ಯಾರ್ಡಿಗಿ ಬರ್ರಿ ಮಾಮಾ."

"ಬಂದು ಏನ್ ಮಾಡ್ಲಿ?"

"ಏನೂ ಬ್ಯಾಡ್ರಿ. ಸುಮ್ನ ಕುಂದ್ರಿ."

"ಸುಮ್ನ ಕುಂದರೂದು ಇಲ್ಲೇ ಕುಂದರ್ತೀನಲ್ಲವ್ವ. ಅದಕ್ಕ ಅಲ್ಲೀ ತನಕ ಯಾಕ ಬರಬೇಕು? ಮಂದಿ ಚಹಾ ಯಾಕ ಕುಡೀಬೇಕು?"

"ನಾ ಮಂದಿ ಏನ್ರಿ?" ಎಂದೆ. ಮಾಮಾ ರಟ್ಟು ಬೀಸುತ್ತ ಬೀದಿ ನೋಡಿದರು. ಹೇಳಿ ಕರೆದರೆ ಬರುವ ಜೀವವಲ್ಲ ಅದು.

ಮರುದಿನ ಬೆಳಿಗ್ಗೆ ನಾನು ಗೋದಾಮು ಹೊಕ್ಕೆ. ರದ್ದಿ ಬಿಚ್ಚಿ, ಅಪ್ಪನ ಕಾಲದ ಒಂದು ದೊಡ್ಡ ಹಳದಿ ಬಲ್ಬು ತೆಗೆದೆ. ಗೇಟಿನ ಮೇಲಿನ ಹೋಲ್ಡರಿಗೆ ಹಾಕಿ, ಹಾಡುಹಗಲಲ್ಲಿ ಹಚ್ಚಿಟ್ಟೆ. ಮಾಮಾ ದಿನಾ ಹತ್ತರ ಸುಮಾರಿಗೆ ಹಾಲು ತರಲು ನಮ್ಮ ಗೇಟಿನ ಮುಂದೆಯೇ ಹೋಗಬೇಕು. ಈಗೀಗ ರಸ್ತೆಯ ಆಚೆ ಬದಿಯಿಂದ ಹೋಗುತ್ತಿದ್ದರು. ಅಂದೂ ಹಾಗೆಯೇ ಬಂದರು. ಬಲ್ಬು ನೋಡಿ ಹೆಜ್ಜೆ ನಿಧಾನವಾಯಿತು. ನಾನು ಕಿಟಕಿಯ ಹಿಂದಿನಿಂದ ಇಣುಕಿದೆ. ಮಾಮಾ ತಲೆ ಕೊಡವಿ ಮುಂದೆ ಹೋದರು.

ಎರಡನೆಯ ದಿನ ಎರಡು ಬಲ್ಬು ಹಚ್ಚಿದೆ. ಅವರು ನಿಂತರು. ಹಾಲಿನ ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಮತ್ತೆ ಹೋಗಿಬಿಟ್ಟರು! ಎಂಥ ಹಟ ನೋಡಿ!

ಮೂರನೆಯ ದಿನ ಖಾಸಿಂ ಅಣ್ಣ ಬಂದು, "ಅಕ್ಕಾರ, ಎರಡ ದಿನದಿಂದ ಹಗಲೊತ್ತಿನಾಗ ಗೇಟಿನ ಲೈಟ ಉರೀಲಿಕತ್ತಾವ. ಬಂದ್ ಮಾಡ್ಲೇನ್ರಿ?" ಎಂದ.

"ಮುಟ್ಟಬ್ಯಾಡ," ಎಂದೆ.

ಅವನು ನನ್ನ ಮುಖ ನೋಡಿದ. ರಸ್ತೆಯ ಕಡೆ ನೋಡಿದ. ಗೋದಾಮಿಗೆ ಹೋಗಿ, ಉಳಿದ ಬಲ್ಬುಗಳನ್ನೆಲ್ಲ ತಂದು, ರಸ್ತೆಗೆ ಕಾಣುವ ಗೋಡೆಯುದ್ದಕ್ಕೂ ಹಾಕಿ ಹಚ್ಚಿದ.

ಹತ್ತು ಗಂಟೆಗೆ ಗೇಟು ಧಡಾರ್ ಎಂದಿತು.

"ಏನ್ ನಡದದ ಇಲ್ಲಿ? ಯಾರದರ ಲಗ್ನ ಅದ ಏನು? ಬುದ್ಧಿ ಅದ ಏನ ನಿನಗ? ನಾಲ್ಕ ದಿನ ನಾ ಬರಲಿಲ್ಲಂದ್ರ ಊರ ಬೆಳಗಲಿಕ್ಕ ಕುಂತೀ? ಸೂರ್ಯ ಫುಕಟ್ ಕೊಟ್ಟಾನಂತ ಸುರುವೂದೇನು? ಏ ಖಾಸಿಂ! ನಿನಗರ ಕಣ್ಣಿಲ್ಲೇನೋ?"

"ಮರತೇವ್ರಿ ಮಾಮಾ," ಎಂದ ಖಾಸಿಂ ಅಣ್ಣ, ತಲೆ ತಗ್ಗಿಸಿ.

"ಎಲ್ಲಾರೂ ಕೂಡೇ ಮರತೀರಿ?"

"ಹೌದ್ರಿ," ಎಂದೆ ನಾನು. ಬೈಗುಳ ಕೇಳಿ ಹಾಗೆ ಹಿತವಾದದ್ದು ಜೀವಮಾನದಲ್ಲೇ ಮೊದಲು.

ಮಾಮಾ ಗೋಡೆಯುದ್ದಕ್ಕೂ ನಡೆದು ಒಂದೊಂದೇ ಲೈಟು ಬಂದ್ ಮಾಡಿದರು. ಈ ಸಲ ಮೇನ್ ಸ್ವಿಚ್ಚು ಎಳೆಯಲಿಲ್ಲ, ಅವಸರವೇ ಇರಲಿಲ್ಲ. ಮುಗಿಸಿ ಆಫೀಸಿಗೆ ಬಂದು ಕುರ್ಚಿಯಲ್ಲಿ ಕುಳಿತರು. ಬೆವರು ಇಳಿಯುತ್ತಿತ್ತು. ಚಹಾ ಬಂತು. ಕಪ್ಪು ಎತ್ತಿಕೊಂಡರು. ಒಂದು ಗುಟುಕು ಕುಡಿದರು. ನಾನು ಫ್ಯಾನಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

"ಎಬ್ಬಸ್ಲೀ?"

ಯಾರ್ಡಿನಲ್ಲಿ ಮಷೀನುಗಳು ಒಂದೊಂದಾಗಿ ನಿಂತವು. ಆಮೇಲೆ ಖಾಸಿಂ ಅಣ್ಣನ ರಾಗ ಬಂತು, ಪಾಲಿಶಿನವರ ದನಿ ಬಂತು, ರಸ್ತೆಯಾಚೆಯ ಚಹಾದಂಗಡಿಯಿಂದಲೂ ಬಂತು. ನಾನು ಇನ್ನೂ ಒತ್ತಿರಲಿಲ್ಲ. ಮಾಮಾನ ಕಡೆ ತಿರುಗಿ ನಿಂತಿದ್ದೆ. ಅವರು ಚಹಾದ ಕಪ್ಪಿನೊಳಗೆ ನೋಡುತ್ತ, "ಎಬ್ಬಸವ್ವಾ" ಎಂದರು.

ಸಂಜೆಯ ತನಕ ಇದ್ದರು. ಹೊರಟಾಗ ಗೇಟಿನ ತನಕ ಬಿಡಲು ಹೋದೆ. ಮಾಮಾ ಹಾಲಿನ ಖಾಲಿ ತಂಬಿಗೆ ಕಂಕುಳಲ್ಲಿ ಸಿಕ್ಕಿಸಿಕೊಂಡು, ತಲೆಯ ಮೇಲಿನ ಆ ಹಳದಿ ಬಲ್ಬನ್ನು ಒಮ್ಮೆ ನೋಡಿದರು. ಆಮೇಲೆ ನನ್ನ ಮುಖ ನೋಡದೆಯೇ ಕೇಳಿದರು:

"ನಾಳಿ ಏನ್ ಬಂದ್ ಮಾಡಲಿಕ್ಕ ಮರೀತಿ?"

"ಬೋರ್ ಪಂಪು," ಎಂದೆ.

"ಪಂಪ ಬ್ಯಾಡ, ನೀರ ಹಾಳಾಗ್ತದ," ಎಂದರು. ನಾಲ್ಕು ಹೆಜ್ಜೆ ಹೋಗಿ ನಿಂತರು. "ಒಂದ ಲೈಟ ಸಾಕು. ಸಣ್ಣದ ಹಚ್ಚು."